ಹಾದುಹೋಗುವ ಅತಿಥಿ

ಅತಿಥಿಯೆಂಬ ಶಬ್ದಕ್ಕೆ ತಿಥಿಯನ್ನು ಗೊತ್ತುಮಾಡದೆ ಬರುವವನೆಂದು ಹಿರಿಯರು ಅರ್ಥ ಹೇಳುತ್ತಾರೆ. ಮನೆಯ ಬಾಗಿಲಿಗೆ ಬಂದು ನಿಂತವನಿಗೆ ಅನ್ನ ನೀರು ಕೊಡಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಕೊಡದವರು ಕೂಡ, ಕೊಡಬೇಕಾಗಿತ್ತೆಂಬುದನ್ನು ಒಪ್ಪುತ್ತಾರೆ. ಸಂದೇಹ ಹುಟ್ಟುವುದು ಬಾಗಿಲನ್ನು ತಟ್ಟದವನ ವಿಷಯದಲ್ಲಿ. ಊರ ಮುಂದೆ ಹಾದುಹೋಗುವವನು, ಬೇಲಿಯ ನೆರಳಿನಲ್ಲಿ ಒಂದು ಗಳಿಗೆ ಕುಳಿತು ಎದ್ದು ಹೋಗುವವನು, ಏನನ್ನೂ ಬೇಡದವನು, ಮರಳಿ ಬಾರದವನು—ಇಂಥವನ ವಿಷಯದಲ್ಲಿ ಊರಿಗೆ ಋಣವೇನಾದರೂ ಉಂಟೆ? ಉಂಟೆನ್ನುವುದಾದರೆ, ಅವನಾರೆಂದು ತಿಳಿಯದೆಯೇ ಆ ಋಣವನ್ನು ತೀರಿಸುವುದು ಸಾಧ್ಯವೆ? ಮನುಷ್ಯರನ್ನು ಕುರಿತು ಈ ಪ್ರಶ್ನೆಯನ್ನು ಕೇಳಿದೊಡನೆಯೇ ಜಾತಿ, ಭಾಷೆ, ಕೂಲಿ, ಬಾಡಿಗೆ ಮೊದಲಾದ ನಾನಾ ಸಂಗತಿಗಳು ಒಳನುಗ್ಗಿ ವಿಚಾರವನ್ನು ಕದಡುತ್ತವೆ. ಆದುದರಿಂದ ಆ ತೊಡಕುಗಳಿಲ್ಲದ ಒಂದು ಜೀವಿಯನ್ನು ಮುಂದಿಟ್ಟುಕೊಂಡು ಮೊದಲು ಯೋಚಿಸುವುದು ಲೇಸು. ಬೆಂಗಳೂರಿನ ಮೇಲೆ ವರ್ಷಕ್ಕೆ ಎರಡಾವರ್ತಿ ವಲಸೆ ಹೋಗುವ ಚಿಟ್ಟೆ ಅಂಥ ಜೀವಿ.

ನಗರದ ಪೂರ್ವದಿಕ್ಕಿನಲ್ಲಿ ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಎಡೆಗೆ ಟಿನ್ ಫ್ಯಾಕ್ಟರಿ ಎಂದು ಹೆಸರು. ಅಲ್ಲಿ ಬಸ್ಸಿನಿಂದ ಇಳಿಯುವವರಲ್ಲಿ ಅಲ್ಲಿಗೇ ಎಂದು ಬಂದವರು ಕಡಿಮೆ. ಕೋಲಾರ, ಮುಳಬಾಗಿಲು, ಚಿತ್ತೂರುಗಳ ಬಸ್ಸನ್ನು ಕಾಯುವವರು, ಹೆಬ್ಬಾಳದ ಕಡೆಗೋ ಮಾರತಹಳ್ಳಿಯ ಕಡೆಗೋ ಬಸ್ಸು ಬದಲಾಯಿಸುವವರು, ಗಂಟುಮೂಟೆಗಳೊಡನೆ ಕೃಷ್ಣರಾಜಪುರದ ರೈಲು ನಿಲ್ದಾಣಕ್ಕೆ ಅವಸರಿಸುವವರು—ಇವರದೇ ಸಂದಣಿ. 2003ರಲ್ಲಿ ತೆರೆದ ತೂಗುಸೇತುವೆ ರೈಲುಹಳಿಗಳ ಮೇಲೆ ವಾಹನಗಳನ್ನು ದಾಟಿಸುತ್ತದೆ. 2023ರ ಅಕ್ಟೋಬರಿನಿಂದ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೋ ರೈಲು ಜನರನ್ನು ಎತ್ತರದಲ್ಲಿಯೇ ದಾಟಿಸಿಬಿಡುತ್ತದೆ. ದಾಟಿಹೋಗುವುದೇ ಈ ಸ್ಥಳದ ಪ್ರಯೋಜನ. ಇಂಥಲ್ಲಿ ಚಿಟ್ಟೆಯನ್ನು ಹುಡುಕುವುದು ವಿಚಿತ್ರವೆನಿಸಬಹುದು. ಆದರೆ ಅದು ಕೂಡ ಇಲ್ಲಿಗೆಂದು ಬಂದದ್ದಲ್ಲ.

ಮುಂಗಾರಿನ ಜಡಿಮಳೆ ಪಶ್ಚಿಮಘಟ್ಟವನ್ನು ಮುಚ್ಚುವುದಕ್ಕೆ ಮುಂಚೆ, ಏಪ್ರಿಲಿನಿಂದ ಜೂನಿನವರೆಗಿನ ಅವಧಿಯಲ್ಲಿ, ಅಲ್ಲಿನ ಕಾಡುಗಳಲ್ಲಿ ಬೇಸಗೆಯನ್ನು ಕಳೆದ ಕೆಲವು ಜಾತಿಯ ಚಿಟ್ಟೆಗಳು ದಂಡುದಂಡಾಗಿ ಹೊರಟು ಮೂಡಣ ಬಯಲಿಗೂ ಪೂರ್ವಘಟ್ಟದ ಗುಡ್ಡಗಳಿಗೂ ಹೋಗುತ್ತವೆ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಇವುಗಳ ರೆಕ್ಕೆಗೆ ಉಳಿವಿಲ್ಲ. ಬಯಲುಸೀಮೆಯ ಮಿತವಾದ ಮಳೆಗೆ ಚಿಗುರುವ ಬಳ್ಳಿಗಳು ಮರಿಗಳಿಗೆ ಆಹಾರವಾಗುತ್ತವೆ. ಅಲ್ಲಿ ಮೊಟ್ಟೆಯಿಟ್ಟು ಅವು ಮುಗಿಯುತ್ತವೆ. ಅವುಗಳ ಸಂತತಿ ಮಳೆಗಾಲದ ಕೊನೆಯಲ್ಲಿ, ಅಕ್ಟೋಬರ್ ನವೆಂಬರಿನ ಸುಮಾರಿಗೆ, ಬಯಲು ಒಣಗತೊಡಗಿದಾಗ ಪಶ್ಚಿಮಕ್ಕೆ ಹಿಂದಿರುಗುತ್ತದೆ. ಹಿಂದಿರುಗುತ್ತದೆ ಎಂಬುದು ಮಾತಿನ ರೂಢಿ ಮಾತ್ರ. ಹೋದದ್ದು ಒಂದು, ಬರುವುದು ಇನ್ನೊಂದು. ಬರುವ ಚಿಟ್ಟೆ ತಾನು ಸೇರಬೇಕಾದ ಕಾಡನ್ನು ಎಂದೂ ಕಂಡಿಲ್ಲ.

ಈ ವಲಸೆಯಲ್ಲಿ ಮುಖ್ಯವಾದವು ನಾಲ್ಕು ಬಗೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅವನ್ನು ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ ಎಂದು ಕರೆದಿದ್ದಾರೆ. ನೀಲಿ ಹುಲಿ, ಕಡುನೀಲಿ ಹುಲಿ, ಕಾಗೆಚಿಟ್ಟೆ, ಜೋಡಿಗೆರೆಯ ಕಾಗೆಚಿಟ್ಟೆ ಎಂದರೆ ಕನ್ನಡದ ಕಿವಿಗೆ ಒಗ್ಗುತ್ತದೆ. ಎಲ್ಲವೂ ಅಮೆರಿಕದ ಪ್ರಖ್ಯಾತ ಮೊನಾರ್ಕ್ ಚಿಟ್ಟೆಯ ದಾಯಾದಿಗಳು, ಒಂದೇ ಉಪಕುಟುಂಬಕ್ಕೆ ಸೇರಿದುವು. ಕೆನಡದಿಂದ ಮೆಕ್ಸಿಕೋ ದೇಶದ ಬೆಟ್ಟಗಳಿಗೆ ಸುಮಾರು 4,000 ಕಿಲೋಮೀಟರು ಹಾರುವ ಆ ಮೊನಾರ್ಕಿನ ಕಥೆಯನ್ನು ಪಾಠಪುಸ್ತಕಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಕಂಡ ವಿದ್ಯಾವಂತರ ಮಕ್ಕಳು ಬೆಂಗಳೂರಿನ ತೋಟಗಳಲ್ಲಿ ಕಿತ್ತಳೆಬಣ್ಣದ ಚಿಟ್ಟೆಯನ್ನು ಕಂಡೊಡನೆ ಮೊನಾರ್ಕ್ ಎಂದು ಕೂಗುವುದುಂಟು. ಅದು ಮೊನಾರ್ಕ್ ಅಲ್ಲ. ಮೊನಾರ್ಕಿಗೆ ಈ ನಾಡಿನಲ್ಲಿ ನೆಲೆಯಿಲ್ಲ. ನರಗಳೆಲ್ಲ ಕಪ್ಪಾಗಿದ್ದು ಮುಂರೆಕ್ಕೆಯ ತುದಿಯ ಕಪ್ಪಿನಲ್ಲಿ ಅಗಲವಾದ ಬಿಳಿಯ ಪಟ್ಟೆಯಿದ್ದರೆ ಅದು ಪಟ್ಟೆಹುಲಿ, ಎಂದರೆ ಸ್ಟ್ರೈಪ್ಡ್ ಟೈಗರ್. ನರಗಳು ಕಪ್ಪಾಗಿರದೆ ಹಿಂರೆಕ್ಕೆಯ ನಡುವೆ ಕೆಲವು ಕಪ್ಪು ಚುಕ್ಕೆಗಳು ಮಾತ್ರ ಇದ್ದರೆ ಅದು ಎಕ್ಕದ ಗಿಡದಲ್ಲಿ ಹುಟ್ಟುವ ಪ್ಲೇನ್ ಟೈಗರ್.

ಮಕ್ಕಳನ್ನು ನಗುವುದಕ್ಕೆ ಮೊದಲು ಪಂಡಿತರ ಚರಿತ್ರೆಯನ್ನೂ ನೆನೆಯಬೇಕು. 1758ರಲ್ಲಿ ಲಿನೇಯಸ್ ಎಂಬ ಸ್ವೀಡನ್ ದೇಶದ ವಿದ್ವಾಂಸನು ಪ್ಲೆಕ್ಸಿಪ್ಪಸ್ ಎಂಬ ಹೆಸರನ್ನು ಕೊಟ್ಟಾಗ ಅದು ಯಾವ ಚಿಟ್ಟೆಗೆ ಸಲ್ಲತಕ್ಕದ್ದೆಂಬುದು ಸ್ಪಷ್ಟವಾಗಿರಲಿಲ್ಲ. ಭಾರತದ ಚಿಟ್ಟೆಗಳನ್ನು ಕುರಿತ ಹಳೆಯ ಗ್ರಂಥಗಳು ಈ ನಾಡಿನ ಪಟ್ಟೆಹುಲಿಯನ್ನೇ ಪ್ಲೆಕ್ಸಿಪ್ಪಸ್ ಎಂದು ಕರೆದುವು. ಕಡೆಗೆ 1954ರಲ್ಲಿ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಮಂಡಲಿಯು ಆ ಹೆಸರು ಅಮೆರಿಕದ ಮೊನಾರ್ಕಿಗೇ ಸೇರಿದ್ದೆಂದು ತೀರ್ಪಿತ್ತಿತು. ಸುಮಾರು ಇನ್ನೂರು ವರ್ಷ ಹೆಸರೊಂದು ಎರಡು ಖಂಡಗಳ ನಡುವೆ ಅಲೆದಾಡಿದ್ದರೂ, ಎರಡರಲ್ಲಿ ಯಾವ ಚಿಟ್ಟೆಯೂ ತನ್ನ ದಾರಿಯನ್ನು ತಪ್ಪಲಿಲ್ಲ.

ಹೀಗಿರುವಾಗ ಗುರುತಿಸುವುದಕ್ಕೆ ಬಣ್ಣಕ್ಕಿಂತ ನಡೆಯನ್ನೇ ಮೊದಲು ನೋಡುವುದು ಒಳ್ಳೆಯದು. ಹೂವನ್ನರಸುವ ಚಿಟ್ಟೆ ಅತ್ತಿತ್ತ ಓಲಾಡುತ್ತದೆ, ಬಿಟ್ಟುಹೋದ ಗಿಡಕ್ಕೇ ಮತ್ತೆ ಬರುತ್ತದೆ. ವಲಸೆಯದು ಹಾಗಲ್ಲ. ಅದು ನೇರವಾಗಿ ಸಾಗುತ್ತದೆ. ಎದುರಿಗೆ ಕಟ್ಟಡ ಬಂದರೆ ಬಳಸಿಕೊಂಡು ಹೋಗದೆ ಮೇಲೇರಿ ದಾಟಿ, ಮತ್ತೆ ಇಳಿದು, ಬಿಟ್ಟ ದಿಕ್ಕನ್ನೇ ಹಿಡಿಯುತ್ತದೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಎಲ್ಲವೂ ಒಂದೇ ಕಡೆಗೆ. ಗಡಿಯಾರವನ್ನು ಕೈಯಲ್ಲಿ ಹಿಡಿದು, ಎರಡು ಕಂಬಗಳ ನಡುವೆ ಹತ್ತು ನಿಮಿಷದಲ್ಲಿ ಎಷ್ಟು ದಾಟಿದುವು, ಯಾವ ದಿಕ್ಕಿಗೆ ದಾಟಿದುವು ಎಂದು ಬರೆದಿಡುವುದು ಶಾಲೆಯ ಹುಡುಗರಿಗೂ ಸಾಧ್ಯವಾದ ಕೆಲಸ. ಆಮೇಲೆ ಬಣ್ಣ. ಕಪ್ಪು ನೆಲದ ಮೇಲೆ ತೆಳುನೀಲಿಯ ಗೆರೆಗಳೂ ಚುಕ್ಕೆಗಳೂ ಇದ್ದರೆ ಹುಲಿ. ಗೆರೆಗಳು ಅಗಲವಾಗಿದ್ದರೆ ನೀಲಿ, ಕಿರಿದಾಗಿ ಕಪ್ಪೇ ಹೆಚ್ಚಾಗಿ ಕಂಡರೆ ಕಡುನೀಲಿ. ಕಂದುಗಪ್ಪಾಗಿದ್ದು ರೆಕ್ಕೆಯ ಅಂಚಿನಲ್ಲಿ ಬಿಳಿಯ ಚುಕ್ಕೆಗಳ ಸಾಲಿದ್ದರೆ ಕಾಗೆ. ಗಂಡಿನ ಮುಂರೆಕ್ಕೆಯಲ್ಲಿ ಗಂಧದ ಗೆರೆ ಒಂದಿದ್ದರೆ ಸಾಮಾನ್ಯ ಕಾಗೆಚಿಟ್ಟೆ, ಎರಡಿದ್ದರೆ ಜೋಡಿಗೆರೆಯದು. ಇದನ್ನು ಕುಳಿತ ಚಿಟ್ಟೆಯಲ್ಲಿ ನೋಡಬಹುದಲ್ಲದೆ ಹಾರುವುದರಲ್ಲಿ ನೋಡಲಾಗದು.

ಇಷ್ಟಾದರೂ ಮೋಸಹೋಗುವ ಸಂಭವವುಂಟು. ಈ ಕುಲದ ಚಿಟ್ಟೆಗಳು ಮರಿಗಳಾಗಿದ್ದಾಗ ತಿಂದ ಎಲೆಗಳಿಂದಲೂ ಬೆಳೆದ ಮೇಲೆ ಹೀರಿದ ರಸಗಳಿಂದಲೂ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆಯಾದುದರಿಂದ ಹಕ್ಕಿಗಳು ಅವನ್ನು ತಿನ್ನಲು ಹೇಸುತ್ತವೆ. ಆ ಮರ್ಯಾದೆಯನ್ನು ಎರವಲು ಪಡೆದು ಬದುಕುವ ಬೇರೆ ಚಿಟ್ಟೆಗಳುಂಟು. ಕಾಮನ್ ಮೈಮ್ ಎಂಬ ಅಣಕಚಿಟ್ಟೆ ಎರಡು ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ: ಒಂದು ಕಾಗೆಚಿಟ್ಟೆಯಂತೆ, ಇನ್ನೊಂದು ನೀಲಿ ಹುಲಿಯಂತೆ. ಹಕ್ಕಿ ವೇಷಕ್ಕೆ ಮರುಳಾಗಿ ಅದನ್ನು ಬಿಡುತ್ತದೆ. ಹಕ್ಕಿಯ ಅಜ್ಞಾನದಿಂದ ಒಂದು ಪ್ರಾಣ ಉಳಿಯಿತು. ಹಾಗಾದರೆ ಗುರುತಿಸದಿರುವುದೇ ಕೆಲವೆಡೆ ದಯೆಯಾಗುವುದಿಲ್ಲವೆ ಎಂದು ಚಮತ್ಕಾರಪ್ರಿಯರು ಕೇಳಬಹುದು. ಆದರೆ ಅಲ್ಲಿ ದಯೆಯಿಲ್ಲ, ಭಯವಿದೆ. ಭಯದಿಂದ ಬಿಟ್ಟದ್ದನ್ನು ಯಾರೂ ಸತ್ಕಾರವೆನ್ನಲಾರರು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಒಂದು ಪಕ್ಷದವರು ಹೇಳುವುದೇನೆಂದರೆ—ಚಿಟ್ಟೆಯ ಅಂದವನ್ನು ನೋಡಿ ಸಂತೋಷಪಡುವುದಷ್ಟೇ ಸಾಕು. ಹೆಸರು, ಕುಲ, ಗೆರೆಗಳ ಎಣಿಕೆ ಇವು ಸಂತೋಷವನ್ನು ಕೆಡಿಸುತ್ತವೆ. ಅತಿಥಿಯ ಗೋತ್ರವನ್ನು ವಿಚಾರಿಸಿ ಎಲೆ ಹಾಕುವವನು ನಿಜವಾದ ಗೃಹಸ್ಥನಲ್ಲ. ಈ ಮಾತಿನಲ್ಲಿ ತೂಕವಿದೆ. ವಿಚಾರಿಸುವುದು ಎಷ್ಟೋ ವೇಳೆ ನಿರಾಕರಿಸುವುದಕ್ಕೆ ಪೀಠಿಕೆಯಾಗಿರುತ್ತದೆ. ಅದನ್ನರಿತೇ ಹಿರಿಯರು ಉಣ್ಣುವ ಮೊದಲು ಕುಲವನ್ನು ಕೇಳುವುದನ್ನೂ ಹೇಳುವುದನ್ನೂ ಹೀನವೆಂದೆಣಿಸಿದರು. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವನ್ನು ಸೇರಿಸಿದವರೂ ಹೊರಗಿಟ್ಟ ಅನ್ನವನ್ನು ಯಾವ ಪ್ರಾಣಿ ತಿಂದಿತೆಂದು ಲೆಕ್ಕ ಬರೆಯಲಿಲ್ಲ.

ಆದರೆ ಅದೇ ಮನೆಗಳಲ್ಲಿ ನಡೆಯುವ ಇನ್ನೊಂದು ವಿಚಾರಣೆಯನ್ನು ಈ ಪಕ್ಷದವರು ಮರೆಯುತ್ತಾರೆ. ಏಕಾದಶಿಯ ದಿನ ಬಂದವರಿಗೆ ಅನ್ನವನ್ನು ಬಡಿಸಹೊರಟ ಸೊಸೆಯನ್ನು ಅತ್ತೆ ತಡೆದು, ಅವರು ಊಟ ಮಾಡುವರೋ ಫಲಾಹಾರವೋ ಕೇಳಮ್ಮ ಎನ್ನುತ್ತಾಳೆ. ಸಿಹಿಮೂತ್ರದವರಿಗೆ ಪಾಯಸವನ್ನು ಒತ್ತಾಯದಿಂದ ಬಡಿಸಿದರೆ ಅದು ಉಪಚಾರವಲ್ಲ, ಅಪಚಾರ. ಅಂಗಳದಲ್ಲಿ ಅಕ್ಕಿಯ ಹಿಟ್ಟಿನಿಂದ ರಂಗವಲ್ಲಿ ಹಾಕುವ ಗೃಹಿಣಿ ಇರುವೆಯ ಹೆಸರನ್ನು ಕೇಳದಿದ್ದರೂ ಅದರ ಆಹಾರವನ್ನು ಬಲ್ಲಳು. ಕಲ್ಲುಪುಡಿಯ ರಂಗವಲ್ಲಿಯಿಂದ ಇರುವೆಗೆ ಏನೂ ಇಲ್ಲ. ಕುಲವನ್ನು ಕೇಳುವ ಪ್ರಶ್ನೆ ಬೇರೆ, ಹಸಿವನ್ನು ಕೇಳುವ ಪ್ರಶ್ನೆ ಬೇರೆ.

ಚಿಟ್ಟೆಯ ವಿಷಯದಲ್ಲಿ ತೊಡಕೆಂದರೆ ಈ ಎರಡು ಪ್ರಶ್ನೆಗಳೂ ಒಂದೇ ಆಗಿಬಿಡುತ್ತವೆ. ಬೆಳೆದ ಚಿಟ್ಟೆ ಹತ್ತು ಹೂವುಗಳ ಮಧುವನ್ನು ಕುಡಿದೀತು. ಅದರ ಮರಿಯಾದರೋ ಕೆಲವೇ ಗಿಡಗಳ ಎಲೆಯನ್ನಲ್ಲದೆ ಬೇರೆಯದನ್ನು ಮುಟ್ಟದೆ ಸಾಯುತ್ತದೆ. ಹುಲಿಚಿಟ್ಟೆಗಳಿಗೆ ಬೇಲಿಯ ಮೇಲೆ ಹಬ್ಬುವ, ಮುರಿದರೆ ಹಾಲೊಸರುವ ಕೆಲವು ಕಾಡುಬಳ್ಳಿಗಳು ಬೇಕು. ಕಾಗೆಚಿಟ್ಟೆಗೆ ಕಣಗಿಲೆ, ಆಲ ಅತ್ತಿಗಳ ಜಾತಿ, ಸೊಗದೆಯ ಬಳ್ಳಿ ಇವು ಆಗುತ್ತವೆ. ಗಂಡುಗಳಿಗೆ ಮತ್ತೊಂದು ವಿಚಿತ್ರವಾದ ಅಗತ್ಯವಿದೆ. ಹೆಣ್ಣನ್ನು ಒಲಿಸುವ ಗಂಧವನ್ನು ಮೈಯಲ್ಲಿ ಸಿದ್ಧಪಡಿಸಿಕೊಳ್ಳಲು ಅವು ಚೇಳುಕೊಂಡಿ ಗಿಡ, ಗಿಲಿಗಿಚ್ಚಿಯ ಗಿಡ ಮೊದಲಾದುವುಗಳ ಒಣಗಿದ ಭಾಗಗಳಿಂದ ಕ್ಷಾರಸತ್ತ್ವವನ್ನು ಹೀರುತ್ತವೆ. ಒಣಗಿ ನಿಂತ ಗಿಲಿಗಿಚ್ಚಿಯ ಕಾಯನ್ನು ಅಲ್ಲಾಡಿಸಿದರೆ ಸದ್ದಾಗುತ್ತದೆಂಬುದಕ್ಕಿಂತ ಹೆಚ್ಚಿನ ಬೆಲೆಯನ್ನು ಮನುಷ್ಯನು ಅದಕ್ಕೆ ಕೊಟ್ಟವನಲ್ಲ. ಪೇಟೆಯಲ್ಲಿ ಕೊಂಡುತಂದ ಹೂಕುಂಡಗಳನ್ನು ಸಾಲಾಗಿಟ್ಟು ಈ ಕಳೆಯನ್ನೆಲ್ಲ ಕಿತ್ತುಹಾಕಿದವನು ಚಿಟ್ಟೆಗೆ ಪಾನಕವನ್ನು ಕೊಟ್ಟು ತೊಟ್ಟಿಲನ್ನು ಸುಟ್ಟಂತಾಯಿತು.

ಸದ್ಭಾವವೊಂದೇ ಸಾಲದೆಂಬುದಕ್ಕೆ ಅಮೆರಿಕದ ನಿದರ್ಶನವೊಂದುಂಟು. ಮೊನಾರ್ಕುಗಳ ಸಂಖ್ಯೆ ಕುಗ್ಗುತ್ತಿದೆಯೆಂದು ಕೇಳಿ ಮರುಗಿದ ಗೃಹಸ್ಥರು ಅದರ ಮರಿಗಳಿಗೆ ಬೇಕಾದ ಹಾಲುಗಿಡವನ್ನು ತಮ್ಮ ತೋಟಗಳಲ್ಲಿ ನೆಟ್ಟರು. ಅಂಗಡಿಗಳಲ್ಲಿ ಸುಲಭವಾಗಿ ದೊರೆತದ್ದು ಉಷ್ಣವಲಯದ ಒಂದು ಜಾತಿ. ಕೆಂಪು ಹಳದಿ ಹೂಗಳ ಆ ಗಿಡ ಕರ್ನಾಟಕದ ಉದ್ಯಾನಗಳಲ್ಲಿಯೂ ಅಪರೂಪವಲ್ಲ. ಆ ದೇಶದ ಸ್ವಂತ ಹಾಲುಗಿಡಗಳು ಚಳಿಗಾಲದಲ್ಲಿ ನೆಲಕ್ಕೆ ಒಣಗಿಹೋಗುವುವು. ಇದು ದಕ್ಷಿಣದ ಬೆಚ್ಚನೆಯ ರಾಜ್ಯಗಳಲ್ಲಿ ವರ್ಷವೆಲ್ಲ ಹಸುರಾಗಿ ನಿಲ್ಲುತ್ತದೆ. ಪರಿಣಾಮವಾಗಿ ಕೆಲವು ಮೊನಾರ್ಕುಗಳು ಪ್ರಯಾಣವನ್ನೇ ಬಿಟ್ಟು ಅಲ್ಲಿಯೇ ಮರಿಮಾಡತೊಡಗಿದುವು. ಒಂದೇ ಗಿಡದ ಮೇಲೆ ತಲೆಮಾರಿನ ಮೇಲೆ ತಲೆಮಾರು ಬೆಳೆದಾಗ, ಎಲೆಗಳ ಮೇಲೆ ಉದುರಿದ ಸೂಕ್ಷ್ಮ ಪರೋಪಜೀವಿಯೊಂದು ಮರಿಗಳ ಹೊಟ್ಟೆಯನ್ನು ಸೇರಿತು. ಹೀಗೆ ನಿಂತುಬಿಟ್ಟ ಚಿಟ್ಟೆಗಳಲ್ಲಿ ಈ ರೋಗ ವಲಸೆಹೋಗುವವುಗಳಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದು ಜಾರ್ಜಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ದಾರಿಹೋಕನಿಗೆ ಮಾಡಿದ ಉಪಚಾರ ಅವನನ್ನು ದಾರಿಯಿಂದ ತಪ್ಪಿಸಿ ರೋಗಿಯನ್ನಾಗಿ ಮಾಡಿತು. ನೆಟ್ಟವರ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ. ಅವರು ಅತಿಥಿಯ ಹೆಸರನ್ನು ಬಲ್ಲವರೇ. ಆದರೆ ಅದರ ಕಾಲವನ್ನು ತಿಳಿಯಲಿಲ್ಲ. ಹೋಗುವವನನ್ನು ಹೋಗಗೊಡುವುದು ಆತಿಥ್ಯದ ಅರ್ಧಭಾಗವೆಂಬುದನ್ನು, ಅಳಿಯನನ್ನು ಹಬ್ಬಕ್ಕೆ ಕರೆದು ತಿಂಗಳುಗಟ್ಟಲೆ ನಿಲ್ಲಿಸಿಕೊಂಡ ಮಾವಂದಿರು ಚೆನ್ನಾಗಿ ಬಲ್ಲರು.

ಇನ್ನು, ತಿಳಿಯಬೇಕೆಂಬ ಹಂಬಲಕ್ಕೂ ಮಿತಿ ಬೇಡವೆ ಎಂಬ ಆಕ್ಷೇಪ. ಕೆನಡದ ಪ್ರಾಣಿಶಾಸ್ತ್ರಜ್ಞ ಫ್ರೆಡ್ ಅರ್ಕ್ಹಾರ್ಟನೂ ಆತನ ಪತ್ನಿ ನೋರಾಳೂ ಹತ್ತಾರು ವರ್ಷ ಮೊನಾರ್ಕುಗಳ ರೆಕ್ಕೆಗೆ ಸಣ್ಣ ಚೀಟಿಗಳನ್ನಂಟಿಸಿ ಬಿಡುತ್ತಿದ್ದರು. ಅವರ ಸಹಾಯಕರಾದ ಕೆನ್ ಬ್ರಗ್ಗರ್ ಮತ್ತು ಕಟಲೀನಾ ಅಗ್ವಾದೋ ಎಂಬವರಿಗೆ 1975ರ ಜನವರಿಯಲ್ಲಿ ಮೆಕ್ಸಿಕೋ ದೇಶದ ಬೆಟ್ಟದ ಮೇಲೆ, ಮರಗಳನ್ನೆಲ್ಲ ಮುಚ್ಚಿ ಕುಳಿತ ಚಿಟ್ಟೆಗಳ ಚಳಿಗಾಲದ ತಾಣ ದೊರೆಯಿತು. ಮರುವರ್ಷ ಅರ್ಕ್ಹಾರ್ಟನೇ ಅಲ್ಲಿಗೆ ಹೋದಾಗ ಮಿನೆಸೋಟದಲ್ಲಿ ಅಂಟಿಸಿದ್ದ ಚೀಟಿಯೊಂದನ್ನು ಕಂಡನು. ಅರ್ಧ ಗ್ರಾಮಿನಷ್ಟು ತೂಗುವ ಜೀವಿಯ ಮೇಲೆ ಕಾಗದವನ್ನು ಹೊರಿಸುವುದು ನ್ಯಾಯವೆ? ಹೊರಿಸದಿದ್ದಿದ್ದರೆ ಆ ಕಾಡು ಅದರ ಮನೆಯೆಂದು ಹೊರಗಿನ ಲೋಕಕ್ಕೆ ತಿಳಿಯುವುದು ಇನ್ನೂ ತಡವಾಗುತ್ತಿತ್ತು. ತಿಳಿಯದ ಮನೆಯನ್ನು ಯಾರೂ ಕಾಯುವುದಿಲ್ಲ. ಆದರೆ ಆ ಬೆಟ್ಟದ ತಪ್ಪಲಿನ ಹಳ್ಳಿಗರು ಚೀಟಿಯ ನೆರವಿಲ್ಲದೆಯೇ ಚಿಟ್ಟೆಗಳನ್ನು ಬಲ್ಲವರಾಗಿದ್ದರೆಂಬುದನ್ನೂ ಸೇರಿಸಬೇಕು. ನವೆಂಬರಿನ ಮೊದಲಲ್ಲಿ, ಗತಿಸಿದ ಹಿರಿಯರನ್ನು ನೆನೆಯುವ ಹಬ್ಬದ ಸುಮಾರಿಗೆ ಬರುವ ಅವನ್ನು ಪಿತೃಗಳ ಆತ್ಮಗಳೆಂದು ಅವರು ಭಾವಿಸುತ್ತಾರೆ. ಚಿಟ್ಟೆಗಳು ಎಲ್ಲಿಂದ ಬರುವುವೆಂದು ಅವರಿಗೆ ತಿಳಿದಿರಲಿಲ್ಲ. ಎಲ್ಲಿಗೆ ಹೋಗುವುವೆಂದು ಪಂಡಿತರಿಗೆ ತಿಳಿದಿರಲಿಲ್ಲ. ಚೀಟಿಯ ಕಾಗದ ಈ ಎರಡು ಅರಿವುಗಳನ್ನು ಹೊಲಿಯಿತೆಂಬುದೇ ಅದರ ಸಮರ್ಥನೆ; ಸಂಗ್ರಹಕ್ಕಾಗಿ ಸೂಜಿಗೆ ಚುಚ್ಚುವ ಹವ್ಯಾಸಕ್ಕೆ ಈ ಸಮರ್ಥನೆ ಸಲ್ಲದು.

ಆರಂಭದಲ್ಲಿ ಬದಿಗಿಟ್ಟ ಮನುಷ್ಯರ ಮಾತನ್ನು ಈಗ ಎತ್ತಬಹುದು. ಟಿನ್ ಫ್ಯಾಕ್ಟರಿಯಲ್ಲಿ ಗಂಟಿನ ಮೇಲೆ ಕುಳಿತ ಕೂಲಿಯವನಿಗೂ, ಮಗುವನ್ನೆತ್ತಿಕೊಂಡು ಬಸ್ಸನ್ನು ಕಾಯುವ ಹೆಂಗಸಿಗೂ ಬೇಕಾದದ್ದು ನೆರಳು, ಕುಡಿಯುವ ನೀರು, ಶೌಚಾಲಯ, ಕುಳಿತುಕೊಳ್ಳಲು ಒಂದು ಕಲ್ಲು. ಇವನ್ನು ಕೊಡುವುದಕ್ಕೆ ಅವರು ರಾಯಚೂರಿನವರೋ ಬಿಹಾರದವರೋ ಎಂದು ಕೇಳಬೇಕಾದ ಕಾರಣವಿಲ್ಲ. ಮನುಷ್ಯರ ಬಾಯಾರಿಕೆಗೆ ಜಾತಿಭೇದವಿಲ್ಲ. ಕುಲವನ್ನು ಕೇಳಬೇಡವೆಂಬ ನಿಯಮ ಹುಟ್ಟಿದ್ದು ಹಸಿವು ಸಮಾನವಾಗಿರುವಲ್ಲಿ. ಹಸಿವು ಒಂದೊಂದು ಜೀವಕ್ಕೆ ಒಂದೊಂದು ಬಗೆಯಾಗಿರುವಲ್ಲಿ, ಕೇಳದಿರುವುದು ಔದಾರ್ಯವಲ್ಲ, ಉದಾಸೀನ. ವ್ಯವಹಾರದಲ್ಲಿ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು: ಕೇಳಬೇಕಾಗಿಲ್ಲದ ಕಡೆ ಯಾವ ಊರು, ಯಾವ ಭಾಷೆ ಎಂದು ಹತ್ತು ಸಲ ಕೇಳುತ್ತಾರೆ, ಕೇಳಲೇಬೇಕಾದ ಕಡೆ ಎಲ್ಲವನ್ನೂ ಚಿಟ್ಟೆಯೆಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕನ್ನಡ ಜನ ಎಕ್ಕಕ್ಕೂ ಸೊಗದೆಗೂ ಬೇರೆಬೇರೆ ಹೆಸರಿಟ್ಟದ್ದು ಅವು ಮದ್ದಿಗೋ ಪೂಜೆಗೋ ಬೇಕಾಗಿದ್ದುದರಿಂದ. ಆ ಎಲೆಗಳನ್ನು ತಿಂದು ಬೆಳೆಯುವ ಹುಳುವಿನಿಂದ ಪ್ರಯೋಜನವಿರಲಿಲ್ಲವಾಗಿ ಅದಕ್ಕೆ ಹೆಸರಿಲ್ಲ.

ಇದು ಬೇಲಿಗಳ ವಿಷಯವೆಂಬುದನ್ನು ಮರೆಯಬಾರದು. ಹಾದುಹೋಗುವ ಚಿಟ್ಟೆಗೆ ಟಿನ್ ಫ್ಯಾಕ್ಟರಿಯ ಸುತ್ತಿನಲ್ಲಿ ಇಳಿಯಲು ದೊರೆಯುವುದು ಬೆನ್ನಿಗಾನಹಳ್ಳಿ ಕೆರೆಯ ದಂಡೆ, ರೈಲುಹಳಿಯ ಪಕ್ಕದ ಪೊದೆಗಳು, 1948ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯ ದೂರವಾಣಿನಗರದ ಮರಗಳು, ಬೈಯಪ್ಪನಹಳ್ಳಿಯ ಕಡೆ ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ಅಂಗಳದಲ್ಲಿ ತಾನಾಗಿ ಬೆಳೆದ ಕಾಡು. ಕಾರ್ಖಾನೆ ನಿಂತುಹೋದುದರಿಂದ ಮನುಷ್ಯರಿಗಾದ ನಷ್ಟ ಸಣ್ಣದಲ್ಲ. ಆದರೂ ಆ ಅಂಗಳದಲ್ಲಿ ಯಾರೂ ಯೋಚಿಸದೆಯೇ ಒಂದು ಛತ್ರ ಎದ್ದಿದೆಯೆಂಬುದು ಸುಳ್ಳಲ್ಲ. ಇಂಥ ಜಾಗಗಳಿಗೆ ಪಾಳೆಂದು ಹೆಸರು. ಪಾಳನ್ನು ಚೊಕ್ಕಟಮಾಡುವ ಕೆಲಸ ಮಳೆಗಾಲಕ್ಕೆ ಮುಂಚೆ, ಎಂದರೆ ಚಿಟ್ಟೆಗಳು ಹೊರಟ ದಿನಗಳಲ್ಲಿಯೇ ಬೀಳುವುದು ಸಾಮಾನ್ಯ. ಬೇಲಿಯ ಒಂದು ಮಗ್ಗುಲನ್ನು ಈ ತಿಂಗಳು, ಇನ್ನೊಂದನ್ನು ಆಗಸ್ಟಿನಲ್ಲಿ ಸವರಿದರೆ ಚೊಕ್ಕಟತನಕ್ಕೆ ಕೊರತೆಯಾಗದು. ಮನೆಗಳವರಾದರೋ ಕಾಂಪೌಂಡಿನ ಮೂಲೆಯಲ್ಲಿ ಒಂದು ಕಣಗಿಲೆಯನ್ನು ಉಳಿಸಬಹುದು, ತಾನಾಗಿ ಹುಟ್ಟಿದ ಗಿಲಿಗಿಚ್ಚಿಯನ್ನು ಒಣಗುವವರೆಗೆ ಬಿಡಬಹುದು. ಕಣಗಿಲೆ ವಿಷವಾದುದರಿಂದ ಮಕ್ಕಳಿರುವ ಮನೆಯಲ್ಲಿ ಅದು ಕೈಗೆಟುಕದಂತಿರಲಿ.

ನೀಲಿ ಹುಲಿ, ಕಡುನೀಲಿ ಹುಲಿಗಳ ಕುಲಕ್ಕೆ 1880ರಲ್ಲಿ ಫ್ರೆಡರಿಕ್ ಮೂರ್ ಎಂಬ ಆಂಗ್ಲ ವಿದ್ವಾಂಸನು ತಿರುಮಲವೆಂದು ನಾಮಕರಣ ಮಾಡಿದನು. ಬೆಂಗಳೂರಿನಿಂದ ತಿರುಪತಿಗೆ ಹೋಗುವ ಎಷ್ಟೋ ಬಸ್ಸುಗಳು ಹಳೆಯ ಮದರಾಸು ರಸ್ತೆಯನ್ನು ಹಿಡಿದು ಟಿನ್ ಫ್ಯಾಕ್ಟರಿಯನ್ನು ದಾಟಿಯೇ ಪೂರ್ವಘಟ್ಟದ ಆ ಬೆಟ್ಟದ ಕಡೆಗೆ ಸಾಗುತ್ತವೆ. ಯಾತ್ರಿಕರು ದರ್ಶನ ಮುಗಿಸಿ ಲಾಡುವಿನೊಡನೆ ಅದೇ ದಾರಿಯಲ್ಲಿ ಮರಳುತ್ತಾರೆ. ಮೇ ತಿಂಗಳಿನಲ್ಲಿ ಅವರ ಬಸ್ಸಿನ ಮೇಲೆ ಮೂಡಣಕ್ಕೆ ಹಾರಿದ ಚಿಟ್ಟೆ ಮರಳುವುದಿಲ್ಲ. ಅಕ್ಟೋಬರಿನಲ್ಲಿ ಪಡುವಣಕ್ಕೆ ಹಾರುವುದು ಈ ರಸ್ತೆಯನ್ನು, ಈ ಕೆರೆಯನ್ನು, ಈ ಬೇಲಿಯನ್ನು ಮೊದಲ ಸಲ ನೋಡುತ್ತದೆ.